ಹತ್ತು ಹೆಜ್ಜೆಗೊಮ್ಮೆ

ಇದಕ್ಕೆ ದೋಣಿಯವನೊಬ್ಬನೇ ಸಾಕ್ಷಿ. ಅವನೂ ಬಾಯಿ ಬಿಡುವವನಲ್ಲ.

ಪ್ರತಿ ಬೇಸಿಗೆ ರಜೆಯಲ್ಲೂ ಅಕ್ಕ, ನಾನು ಕಡಲಹಕ್ಕಿ ನೋಡಲು ಆ ದ್ವೀಪದ ಹತ್ತಿರ ಹೋಗುತ್ತಿದ್ದೆವು. ಮರಿ ಮಾಡುವ ಕಾಲವಾದ್ದರಿಂದ ಇಳಿಯುವಂತಿಲ್ಲ, ದೋಣಿಯಿಂದಲೇ ನೋಡಬೇಕು. "ಒಂದ್ಸಲನಾದ್ರೂ ಅಲ್ಲಿ ಇಳಿದು ನಡೀಬೇಕು ಕಣೇ," ಎನ್ನುತ್ತಿದ್ದಳು ಅಕ್ಕ, ಮಂಡಿನೋವಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದವಳು.

ಅವಳು ತೀರಿಕೊಂಡ ಮರುವರ್ಷ ಒಬ್ಬಳೇ ಹೋದೆ. ಸುಡು ಮಧ್ಯಾಹ್ನ. ದ್ವೀಪದ ಆಚೆ ತುದಿಯಲ್ಲಿ, ಯಾರೋ ನಡೆದು ಬಂದರೆ ಏಳುವಂತೆ, ಮೊಟ್ಟೆಗಳ ಮೇಲೆ ಕೂತಿದ್ದ ಹಕ್ಕಿಗಳು ಸಾಲಾಗಿ ಎದ್ದವು. ಹಿಂದಿನವು ಮತ್ತೆ ಕೂತವು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಆ ಸಾಲು ಹತ್ತು ಹೆಜ್ಜೆಯಷ್ಟು ಮುಂದೆ ಬಂದು, ಸುಧಾರಿಸಿಕೊಳ್ಳುವಂತೆ ನಿಂತು, ಮತ್ತೆ ನಮ್ಮತ್ತಲೇ ಬರುತ್ತಿತ್ತು. ಒಂದು ಹಕ್ಕಿಯೂ ಕೂಗಲಿಲ್ಲ.

"ಅಲ್ಲಿ ಯಾರಾದ್ರೂ ಇಳಿದಿದ್ದಾರಾ?" ಎಂದೆ.

"ಎರಡು ತಿಂಗಳಿಂದ ಯಾರೂ ಇಳಿದಿಲ್ಲ ಮೇಡಂ," ಎಂದ ದೋಣಿಯವನು.

ಕೊನೆಯ ಹಕ್ಕಿ ನೀರಂಚಿನಲ್ಲಿ ಎದ್ದಿತು. ಸ್ವಲ್ಪ ಹೊತ್ತಿಗೆ ದೋಣಿ ಬಲಕ್ಕೆ, ಅಕ್ಕ ಕೂರುತ್ತಿದ್ದ ಕಡೆಗೆ, ವಾಲಿತು. ದೋಣಿಯವನು ತೂಕ ಸರಿದೂಗಲೆಂದು ಡೀಸೆಲ್ ಕ್ಯಾನನ್ನು ಎಡಕ್ಕೆ, ನನ್ನ ಕಾಲ ಬಳಿಗೆ ಸರಿಸಿ ಇಂಜಿನ್ ಶುರುಮಾಡಿದ.

ದಡ ಮುಟ್ಟುವವರೆಗೂ ಕ್ಯಾನು ಅಲ್ಲೇ ಇತ್ತು. ದೋಣಿ ಎಡಕ್ಕೆ ವಾಲಲಿಲ್ಲ.