ಗೊರಕೆ ಕೇಳುವವರೆಗೆ

ಹದಿನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ 9.15. ಠಾಣೆಗೆ ಬಂದ ತಂದೆಗೆ ಪೆನ್ನು ಹಿಡಿಯುವ ತ್ರಾಣವೂ ಇರಲಿಲ್ಲ. ಅವರು ಹೇಳಿದ್ದನ್ನು ರೈಟರ್ ಬರೆದುಕೊಂಡ: 'ಕಾಲೇಜು ಹಾಸ್ಟೆಲ್‌ನಲ್ಲಿದ್ದ ನನ್ನ ಮಗನಿಗೆ ನಿನ್ನೆ ಯಾರೋ ಕುಡಿಸಿ, ಕೋಣೆಯಲ್ಲಿ ಕೂಡಿಹಾಕಿ ಸಾಯಿಸಿದ್ದಾರೆ.' 9.50ಕ್ಕೆ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಇನ್ಸ್‌ಪೆಕ್ಟರ್ ಮೇಡಂ ಹಾಸ್ಟೆಲ್ ತಲುಪಿ ಪಂಚನಾಮೆ ಶುರುಮಾಡಿದರು. ಭಾನುವಾರ ಸಂಜೆ 6.10ಕ್ಕೆ ಪಕ್ಕದ ಕೋಣೆಯವರು ಕಿಟಕಿಯಿಂದ ನೋಡಿ, ಚಿಲಕ ಕಿತ್ತು ಒಳಗೆ ಹೋಗಿದ್ದರು. ಹೊರಗಿನಿಂದ ಹಾಕಿದ್ದ ಬೀಗ ಹಾಗೇ ಉಳಿದಿತ್ತು. ಮಂಚದ ಪಕ್ಕ ಬಕೆಟ್, ಕೈಗೆಟಕುವಂತೆ ನೀರಿನ ಬಾಟಲಿ. ಯಾರೋ ಹುಡುಗನ ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೇ ತುರುಕಿಟ್ಟಿದ್ದರು.

"ಸಾಯಿಸೋಕೆ ಬಂದೋನು ಇಷ್ಟೆಲ್ಲಾ ಉಪಚಾರ ಮಾಡ್ತಾನಾ ಮೇಡಂ?" ಎಂದ ಹೆಡ್ ಕಾನ್‌ಸ್ಟೇಬಲ್.

ಗೋಡೆಯ ಮೇಲೊಂದು ಸುತ್ತೋಲೆ: ಕುಡಿದು ಸಿಕ್ಕಿಬಿದ್ದವನನ್ನೂ ಅವನ ಜೊತೆಗಿದ್ದವನನ್ನೂ ಕಾಲೇಜಿನಿಂದ ತೆಗೆದುಹಾಕಲಾಗುವುದು. ಹೋದ ವರ್ಷ ಆಂಬುಲೆನ್ಸ್ ಕರೆಸಿದ ತಪ್ಪಿಗೆ ಇಬ್ಬರು ಮನೆ ಸೇರಿದ್ದರು.

"ಶಿಸ್ತಿಗೆ ಅಂತ ಮಾಡಿದ್ದು ಮೇಡಂ," ಎಂದರು ವಾರ್ಡನ್.

"ಕುಡಿಯೋದು ನಿಂತಿತಾ?"

ನಿಂತಿರಲಿಲ್ಲ, ಎಲ್ಲರೂ ಮುಚ್ಚಿಡುವುದನ್ನು ಕಲಿತಿದ್ದರು. ಸುತ್ತೋಲೆಯನ್ನೂ ಪಂಚನಾಮೆಗೆ ಸೇರಿಸಲಾಯಿತು.

ವಿಚಾರಣೆಯಲ್ಲಿ ತಿಳಿದದ್ದಿಷ್ಟು. ಭಾನುವಾರ ಬೆಳಿಗ್ಗೆ ಮೈದಾನದ ಹಿಂದೆ ಸೀನಿಯರ್‌ಗಳ ಬೀಳ್ಕೊಡುಗೆ. ಅಲ್ಲಿ ಸತ್ತ ಹುಡುಗ ಪಂದ್ಯ ಕಟ್ಟಿ ಗಟಗಟನೆ ಕುಡಿದಿದ್ದ. ಮಧ್ಯಾಹ್ನ ಒಂದು ಗಂಟೆಗೆ ರೂಮ್‌ಮೇಟ್ ಅವನನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಸೋಮವಾರ ಮೂರು ಗಂಟೆಗೆ ವೈದ್ಯರ ವರದಿ ಬಂತು: ಅಂಗಾತ ಮಲಗಿದ್ದಾಗ ವಾಂತಿ ಶ್ವಾಸನಾಳಕ್ಕೆ ಹೋಗಿ, ಭಾನುವಾರ ಸಂಜೆ ಸುಮಾರು ನಾಲ್ಕು ಗಂಟೆಗೆ ಸಾವು.

"ಮಲಗಿಸಿ ಲೈಬ್ರರಿಗೆ ಹೋದೆ. ಬೀಗದ ವಿಷಯ ಗೊತ್ತಿಲ್ಲ," ಎಂದ ರೂಮ್‌ಮೇಟ್. ಇವನು ಎಂದೂ ಒಂದು ತೊಟ್ಟೂ ಕುಡಿದವನಲ್ಲ.

ಲೈಬ್ರರಿಯ ಹಾಜರಿ ಪುಸ್ತಕದಲ್ಲಿ ಅವನು ಹೊರಗೆ ಹೋದ ವೇಳೆಗಳಿದ್ದವು. 1.30, 2.00, 2.30, 3.00, 3.30, 4.00. ಆಮೇಲೆ ಆರರವರೆಗೆ ಒಂದೂ ಇಲ್ಲ.

"ಸಕ್ಕರೆ ಕಾಯಿಲೆಯವರೂ ಇಷ್ಟು ಸಲ ಏಳಲ್ಲಪ್ಪ," ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ. "ನಾಲ್ಕು ಗಂಟೆಗೆ ವಾಸಿಯಾಯ್ತೋ?"

ಇನ್ಸ್‌ಪೆಕ್ಟರ್ ನಗಲಿಲ್ಲ. ಬೀಗವನ್ನು ಮೇಜಿನ ಮೇಲಿಟ್ಟರು. ರೂಮ್‌ಮೇಟ್ ಅದನ್ನು ನೋಡಿ, ಜೇಬಿನಿಂದ ಕೀಲಿ ತೆಗೆದ.

"ನನ್ನ ಟ್ರಂಕ್‌ದು. ಹೊರಗೆ ಬೀಗ ಇದ್ರೆ ವಾರ್ಡನ್ ಇಣುಕಲ್ಲ. ಸಿಕ್ಕಿಬಿದ್ದಿದ್ರೆ ಅವನ ಓದು ಅಲ್ಲಿಗೇ ಮುಗೀತಿತ್ತು."

"ನಿಂದೂ."

"ಹೌದು ಮೇಡಂ. ನಂದೂ."

"ಅರ್ಧ ಗಂಟೆಗೊಂದ್ಸಲ ಯಾಕೆ ಹೋದೆ?"

"ಕಿಟಕಿ ಹತ್ರ ನಿಂತು ಗೊರಕೆ ಕೇಳೋಕೆ. ನಮ್ಮಪ್ಪ ಕುಡಿದು ಬಂದಾಗ ಅಮ್ಮ ಮಲಗಿಸಿ ಬಾಗಿಲು ಹಾಕ್ತಾರೆ. ಗೊರಕೆ ಬಂದ್ರೆ, ಸದ್ಯ, ನಿದ್ದೆ ಹತ್ತಿತು ಅಂತ ಉಸಿರು ಬಿಡ್ತಾರೆ."

"ನಾಲ್ಕು ಗಂಟೆಗೆ?"

"ಕೇಳಿಸಲಿಲ್ಲ. ಗಾಢ ನಿದ್ದೆ ಅಂದ್ಕೊಂಡೆ. ನಿಶ್ಚಿಂತೆಯಿಂದ ಎರಡು ಗಂಟೆ ಓದಿದೆ, ಮೇಡಂ."

ಅದುವರೆಗೆ ಕೇಳಿಸಿದ್ದು ನಿದ್ದೆಯ ಗೊರಕೆಯಲ್ಲ, ಉಸಿರು ಕಟ್ಟುತ್ತಿದ್ದ ಸದ್ದು ಎಂದು ಇನ್ಸ್‌ಪೆಕ್ಟರ್ ಹೇಳಲೇಬೇಕಾಯಿತು. ಹುಡುಗ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ಅಮ್ಮನ ವಿಷಯ ಬರೀಬೇಡಿ. ಅವರಿಗೆ ಗೊತ್ತಾಗೋದು ಬೇಡ."

"ಕೇಸಿಗೆ ಅದು ಬೇಕಾಗಿಲ್ಲ," ಎಂದರು ಇನ್ಸ್‌ಪೆಕ್ಟರ್.

5.15ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ದಸ್ತಗಿರಿ. ಆರು ಗಂಟೆಯ ಹೊತ್ತಿಗೆ ಅವನ ತಾಯಿ ಬಸ್ಸಿಳಿದು ಓಡೋಡಿ ಬಂದರು. ಮಗ ಮಾಡಿದ್ದೇನು ಎಂದು ಕೇಳಿ ತಿಳಿದರು. ಅವರ ಮುಖದಲ್ಲಿ ಅಳುವಿಗಿಂತ ಗೊಂದಲವೇ ಹೆಚ್ಚಾಗಿತ್ತು.

"ಕುಡಿದವರನ್ನ ಮಲಗಿಸಿ ಬಾಗಿಲು ಹಾಕಿದ್ದು ತಪ್ಪಾ ತಾಯಿ? ಇಪ್ಪತ್ತು ವರ್ಷದಿಂದ ನಾನು ಮಾಡ್ತಿರೋದೂ ಅದೇ ಅಲ್ವಾ?"

ಮಗ ಗೋಡೆಯ ಕಡೆ ತಿರುಗಿಬಿಟ್ಟ. "ಕೂತ್ಕೊಳ್ಳಿ ಅಮ್ಮಾ," ಎಂದು ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೊಟ್ಟರು.