ನಾಲ್ಕು ಸೆಕೆಂಡಿನ ಉಸಿರು

"ಕೇಳದೆ ತಗೋಬೇಡಪ್ಪ," ಎಂದಳು ವಾರ್ಡಿನ ಆಯಾ.

ನಿದ್ದೆಯಲ್ಲಿದ್ದ ಚಿಕ್ಕಮ್ಮನ ಬಾಯಿಯ ಬಳಿ ಹಿಡಿದಿದ್ದ ಮೈಕನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ಕೂದಲು, ಉಗುರು, ಕಾಲಡಿಯ ಮಣ್ಣು ಕದ್ದು ಮಾಟ ಮಾಡುವವರಿದ್ದಾರೆ, ಉಸಿರು ಅವೆಲ್ಲಕ್ಕಿಂತ ದೊಡ್ಡ ಸಾಮಾನು ಎಂದಳು ಆಯಾ. ಹೊರಟವರ ಉಸಿರನ್ನು ಕದ್ದು ಕಟ್ಟಿಹಾಕಿದರೆ, ಅದು ಓಡುತ್ತಿರುವಷ್ಟು ಕಾಲ ಅವರು ಹೋಗಲಾರರಂತೆ.

ಅವನಿಗೆ ನಗು ಬಂತು. "ಹೋಗದೇ ಇದ್ರೆ ಒಳ್ಳೇದೇ ಅಲ್ವಾ ಆಯಮ್ಮ?"

ಅವಳು ಕುರ್ಚಿಯ ಮೇಲಿದ್ದ ಒದ್ದೆ ಟವೆಲನ್ನು ತೆಗೆದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟು ಹೋದಳು.

ತಾಯಿಯಿಲ್ಲದ ಅವನನ್ನು ಸಾಕಿದ್ದು ಈ ಚಿಕ್ಕಮ್ಮ. ಅವನು ಮಾಡುತ್ತಿದ್ದುದು ಹಾಡಿಲ್ಲದ, ತಾಳವಿಲ್ಲದ ಎಲೆಕ್ಟ್ರಾನಿಕ್ ಸಂಗೀತ. ನಿದ್ದೆ ಬಾರದವರು ಹಾಕಿಕೊಂಡು ಮಲಗುವಂಥದ್ದು. "ಫ್ರಿಜ್ಜು ಗುಂಯ್‌ಗುಟ್ಟಿದ ಹಾಗಿದೆ ಕಣೋ, ಹಾಲಂತೂ ಕೆಡಲ್ಲ ಬಿಡು," ಎಂದು ಛೇಡಿಸುತ್ತಲೇ ಪ್ರತಿಯೊಂದನ್ನೂ ಕೊನೆಯವರೆಗೆ ಕೇಳುತ್ತಿದ್ದಳು. ಈಗ ವೈದ್ಯರು ಇನ್ನೆರಡು ದಿನ ಎಂದಿದ್ದರು. ಬೆಳಿಗ್ಗೆ ಎಚ್ಚರವಿದ್ದಾಗ ಅವಳನ್ನು ಒಂದು ಮಾತು ಕೇಳಬಹುದಿತ್ತು. ಬೇಡವೆಂದುಬಿಟ್ಟಾಳೆಂದು ಕೇಳಲಿಲ್ಲ.

ಮನೆಗೆ ಬಂದು ಒಂದೇ ಒಂದು ಉಸಿರನ್ನು ಕತ್ತರಿಸಿಕೊಂಡ. ನಾಲ್ಕು ಸೆಕೆಂಡು. ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮೊದಲು, ಅದರಲ್ಲೊಂದು ಚೂರು ಮೌನವಿತ್ತು. ಹಾಗೇ ಬಿಟ್ಟರೆ, ಮತ್ತೆ ಮತ್ತೆ ತಿರುಗುವ ಲೂಪಿನ ಹೊಲಿಗೆ ಕಿವಿಗೆ ತಿಳಿದುಬಿಡುತ್ತದೆ. ಮೌನವನ್ನು ಅಳಿಸಿ ತುದಿಗೆ ತುದಿ ಬೆಸೆದ. ಅದರ ಮೇಲೆ ಮಂಜಿನಂಥ ಸ್ವರಗಳನ್ನು ಹರಡಿದ. ಕಂಪ್ಯೂಟರಿನಲ್ಲಿ ಅದು ಹಗಲಿರುಳು ತಿರುಗುತ್ತಿತ್ತು.

ಎರಡು ದಿನ ನಲವತ್ತಾಯಿತು. ಚಿಕ್ಕಮ್ಮ ಹೋಗಲಿಲ್ಲ. ನೋಡಲು ಹೋಗಬೇಕೆಂದುಕೊಂಡಾಗಲೆಲ್ಲ ಆ ಉಸಿರಿನ ಮೇಲೆ ಕಟ್ಟುತ್ತಿದ್ದ ಆಲ್ಬಮ್ಮಿನದು ಏನಾದರೊಂದು ಕೆಲಸ ಉಳಿದಿರುತ್ತಿತ್ತು. ಆಲ್ಬಮ್ ಹೊರಬಂದ ದಿನ ಮಧ್ಯಾಹ್ನ ಹೋದ.

ಪರದೆ ಎಳೆದಿತ್ತು. ಫಿನೈಲಿನ ಘಾಟು. ಮಬ್ಬಿನಲ್ಲಿ ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಉಸಿರು ಏರುತ್ತಿತ್ತು, ಇಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಮೂರನೆಯ ಸೆಕೆಂಡಿನಲ್ಲಿ, ಸೀರೆ ಮೊಳೆಗೆ ಸಿಕ್ಕಿ ಬಿಟ್ಟಂತೆ, ಒಂದು ಸಣ್ಣ ತಡೆ.

ಆ ತಡೆ ಅವನಿಗೆ ಗೊತ್ತಿತ್ತು. ಸಾವಿರ ಸಲ ಕೇಳಿದ್ದ. ಫೋನಿನಲ್ಲಿ ಆಲ್ಬಮ್ ಹಾಕಿ ಹಾಸಿಗೆಯ ಬಳಿ ಹಿಡಿದ. ಅದೇ ಏರು. ಅದೇ ತಡೆ. ಮತ್ತೆ ಅದೇ.

"ನೀರು ನುಂಗಕ್ಕೂ ಬಿಡುವಿಲ್ಲ ಅವ್ರಿಗೆ. ಮಾತಾಡಕ್ಕೂ ಇಲ್ಲ," ಎಂದಳು ಆಯಾ. ನಲವತ್ತು ದಿನವೂ ಒದ್ದೆ ಹತ್ತಿಯಲ್ಲಿ ಆ ತುಟಿ ಒರೆಸಿದ್ದು ಅವಳೇ. ನಾನು ಹೇಳಿರಲಿಲ್ಲವೇ ಎಂದು ಮಾತ್ರ ಅನ್ನಲಿಲ್ಲ.

ಅವನು ಚಿಕ್ಕಮ್ಮನ ಕಿವಿಯ ಬಳಿ ಬಗ್ಗಿದ. "ಚಿಕ್ಕಮ್ಮ, ತಪ್ಪು ಮಾಡ್ದೆ. ವಾಪಸ್ ಕೊಡ್ಲಾ?"

ಅವಳ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು.

ಅವನು ನಿಂತಲ್ಲೇ ಆಲ್ಬಮ್ಮನ್ನು ಜಾಲತಾಣದಿಂದ ಕಿತ್ತ. ಫೋನಿನಿಂದಲೇ ಮನೆಯ ಕಂಪ್ಯೂಟರನ್ನು ಹೊಕ್ಕು ಅಲ್ಲಿಂದಲೂ ಅಳಿಸಿದ. ಫೋನಿನಿಂದ ಅಳಿಸಿದ. ಮೂಲ ಧ್ವನಿಯನ್ನೂ ಅಳಿಸಿದ.

ಉಸಿರು ಇಳಿಯಿತು. ನಿಂತಿತು.

ನಲವತ್ತು ದಿನಗಳ ಮೇಲೆ ಮೊದಲ ಬಿಡುವು. ಆಯಾ ಹನಿ ನೀರು ಹಾಕಿದಳು. ಚಿಕ್ಕಮ್ಮ ನುಂಗಿದಳು. ಒಳಗೆ ಉಳಿದಿದ್ದ ಚೂರು ಗಾಳಿಯನ್ನು ಅವನಿಗಾಗಿಯೇ ಖರ್ಚು ಮಾಡಿದಳು. "ಎಷ್ಟು ಸೊರಗಿದೀಯೋ... ಹೋಗು, ಊಟ ಮಾಡು."

ಕಣ್ಣು ಮುಚ್ಚಿದಳು. ಮುಖ ಹಗುರಾಯಿತು. ಆಯಾ ಬಿಳಿಯ ಬಟ್ಟೆಯನ್ನು ಮುಖದವರೆಗೆ ಎಳೆದು, ಅವನ ಬೆನ್ನು ಸವರಿದಳು. ಅವನು ಮಂಚದ ಕಂಬಿಗೆ ಹಣೆಯಿಟ್ಟು ಅತ್ತ.

ಫೋನು ಮಿಣುಕಿತು. ಗುರುತಿಲ್ಲದ ಯಾರೋ ಕೇಳುಗರು. 'ನಿಮ್ಮ ಆಲ್ಬಮ್ ಈಗ ಕಾಣಿಸುತ್ತಿಲ್ಲ. ಬೆಳಿಗ್ಗೆಯೇ ಇಳಿಸಿಕೊಂಡು ಗೆಳತಿಯರಿಗೆಲ್ಲ ಕಳಿಸಿದ್ದೆ, ಪುಣ್ಯ. ನಮ್ಮ ಪಾಪು ಹಟ ಮಾಡುತ್ತಿತ್ತು, ಈಗಷ್ಟೇ ಹಾಕಿದೆ, ಮಲಗಿತು. ಇನ್ನು ದಿನಾ ಇದನ್ನೇ ಹಾಕುತ್ತೇನೆ. ನಿಮಗೆ ಒಳ್ಳೆಯದಾಗಲಿ.'

ಆಯಾ ಅವನ ಭುಜವನ್ನು ಗಟ್ಟಿಯಾಗಿ ಹಿಡಿದಳು.

ಬಿಳಿಯ ಬಟ್ಟೆ ಏರಿತು. ಇಳಿಯಿತು. ಏರಿತು.