ಕಬ್ಬಿಣದ ಮರಕುಟಿಗ ಕೊರೆದ ಮೂರು ಗಿಣಿಗಳು

ಹಿಂದೆ, ಮರಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ, ಬೀಟೆಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ಬಡಗಿ, ಮೋನಾಚಾರಿ. ಅವನ ಹೆಂಡತಿ ಗಿರಿಯಮ್ಮ. ಅವನದು ಕೈ ಚುರುಕು, ಇವಳದು ಬಾಯಿ ಚುರುಕು. ಆಗ ಅರಸರನ್ನು ಓಡಿಸಿ ಗೊಗ್ಗರಾಯ ಅನ್ನೋ ಮಾಂತ್ರಿಕ ಪಟ್ಟದಲ್ಲಿ ಕೂತಿದ್ದ. ಅವನ ಮಂತ್ರವೆಲ್ಲ ಇದ್ದದ್ದು ಮೊಣಕಾಲುದ್ದದ ಗಡ್ಡದಲ್ಲಿ. ಒಂದು ದಿನ ಗಿರಿಯಮ್ಮ ಅವನ ಸಿಂಹಾಸನ ನೋಡಿ, ಇದರ ಸಂದಿನಲ್ಲಿ ಹೆಗ್ಗಣ ಸಂಸಾರ ಮಾಡಬಹುದು ಅಂದುಬಿಟ್ಟಳು. ಅಂದದ್ದೇನೋ ನಿಜ, ಆದರೆ ಅವನೆದುರಿಗೇ ಅನ್ನಬೇಕಿತ್ತೇ?

ಗೊಗ್ಗರಾಯ ಅವಳನ್ನು ನಿಂತಲ್ಲೇ ಬೀಟೆ ಮರದ ಬಾಗಿಲು ಮಾಡಿದ. ಬಾಗಿಲ ನಡುವೆ ಗಿಣಿಯಾಕಾರದ ಗುಳಿ. ಗಂಡ ಮೂರು ದಿನದೊಳಗೆ ಅದಕ್ಕೆ ಹಲಸಿನ ಮರದ ಗಿಣಿ ಕೂರಿಸಬೇಕು, ಮೂರನೆಯ ಸಂಜೆ ಸೂರ್ಯ ಮುಳುಗುವಾಗ ಸಂದಿನಲ್ಲಿ ಒಂದು ಕೂದಲೂ ಆಡಬಾರದು, ಆಡಿದರೆ ಅವಳು ಕೊನೆತನಕ ಬಾಗಿಲೇ ಅಂದ.

ಮೋನಾಚಾರಿಯ ಮನೆಯಲ್ಲಿ ಅಜ್ಜನ ಕಾಲದ ಕಬ್ಬಿಣದ ಮರಕುಟಿಗವಿತ್ತು. ಬಲಕ್ಕೆ ಏಳು ಎಳ್ಳು, ಕೆಳಕ್ಕೆ ಎರಡು ಎಳ್ಳು ಅಂತ ಓಲೆಗರಿಯಲ್ಲಿ ಅಳತೆ ಬರೆದು ತಿನ್ನಿಸಿದರೆ, ಗಿರಗಿರ ತಿರುಗುವ ಕೊಕ್ಕಿನಿಂದ ಹಾಗೇ ಕೊರೆಯುತ್ತಿತ್ತು. ಹೇಳಿದ್ದನ್ನು ಎಳ್ಳಷ್ಟೂ ತಪ್ಪದೆ ಮಾಡುತ್ತಿತ್ತು. ಹೇಳದ್ದನ್ನು ಕಾಲಿಗೆ ಬಿದ್ದರೂ ಮಾಡುತ್ತಿರಲಿಲ್ಲ. ಅದರ ಜೊತೆ ಏಗಿ ಏಗಿಯೇ ಅವನಜ್ಜನ ತಲೆ ಬೋಳಾಗಿತ್ತು.

ಮೊದಲ ದಿನ ಗುಳಿಯ ಅಳತೆಯನ್ನೇ ತಿನ್ನಿಸಿದ. ಗುಳಿಯಷ್ಟೇ ಗಿಣಿ ಬಂತು. ಒಳಗೆ ಹೋಗಲಿಲ್ಲ. ಮೋನಾಚಾರಿ ಕೊಡತಿ ಎತ್ತಿ ಬಡಿದ.

"ರೀ, ಅದು ನನ್ನ ಪಕ್ಕೆ," ಅಂದಿತು ಬಾಗಿಲು. "ಕೈಯಷ್ಟೇ ಅಳತೆಯ ಬಳೆ ಕೈಗೇರುತ್ತದೇನ್ರಿ? ಒಂದಿಷ್ಟು ಜಾಗ ಬಿಡಬೇಡವೇ?"

ಅಷ್ಟರಲ್ಲಿ ಗಿಣಿ ಎರಡು ಹೋಳಾಗಿತ್ತು. ಕಬ್ಬಿಣದ ಹಕ್ಕಿಯನ್ನು ಬೈದರೆ, "ನೀನು ಹೇಳಿದ್ದು ಮಾಡಿದೆ," ಅಂತ ಕೊಕ್ಕು ಒರೆಸಿಕೊಂಡಿತು.

ಎರಡನೆಯ ದಿನ ಸುತ್ತಲೂ ಕೂದಲಿನಷ್ಟು ಕಡಿಮೆ ಬರೆದ. ಆದರೆ ಗಡಿಬಿಡಿಯಲ್ಲಿ ಓಲೆಗರಿಯನ್ನು ಮಗುಚಿ ತಿನ್ನಿಸಿದ. ಗುಳಿಯ ಗಿಣಿ ಬಲಕ್ಕೆ ನೋಡುತ್ತಿತ್ತು, ಇದು ಎಡಕ್ಕೆ. ತಿರುವಿ ಕೂರಿಸೋಣವೆಂದರೆ ಕೆತ್ತಿದ ಕಣ್ಣು ರೆಕ್ಕೆ ಎಲ್ಲ ಒಳಗೆ ಹೋಗಿ, ಬರೀ ಬೋಳು ಬೆನ್ನು ಹೊರಗೆ. ಗಿರಿಯಮ್ಮ ತವರಿನ ಏಳು ತಲೆಮಾರು ನೆನೆಸಿಕೊಂಡು, ಇಂಥವನಿಗೆ ಯಾಕಾದರೂ ಕೊಟ್ಟರೋ ಅಂತ ಗೊಣಗಿದಳು. ಹಕ್ಕಿ ಮತ್ತೆ, "ನೀನು ಹೇಳಿದ್ದು ಮಾಡಿದೆ," ಅಂದಿತು. ಮೋನಾಚಾರಿ ಹಣೆ ಚಚ್ಚಿಕೊಂಡ.

ಮೂರನೆಯ ದಿನ ಉಳಿದಿದ್ದದ್ದು ಒಂದೇ ಹಲಗೆ, ಒಲೆಯ ಮೇಲಿನ ಅಟ್ಟದಲ್ಲಿ ವರ್ಷವಿಡೀ ಒಣಗಿದ್ದು. ಓಲೆಗರಿಯನ್ನು ಮೂರು ಸಲ ನೋಡಿ ತಿನ್ನಿಸಿದ. ಎಲ್ಲ ಸರಿ ಬಂತು, ಬಾಲದ ಕವಲಿನ ಚೂಪು ಮೂಲೆಯೊಂದು ಬಿಟ್ಟು. ಅಲ್ಲಿ ಮಾತ್ರ ದುಂಡಗೆ ಉಳಿಯಿತು. ಕೇಳಿದರೆ ಹಕ್ಕಿ, ತನ್ನ ಕೊಕ್ಕೇ ದುಂಡು, ಚೂಪು ಮೂಲೆ ತನ್ನಿಂದಾಗದು ಅಂದಿತು. ಇದನ್ನು ಮೊದಲೇ ಹೇಳಬಾರದಿತ್ತೇ ಅಂದರೆ, ನೀನು ಕೇಳಲಿಲ್ಲ ಅಂದಿತು.

ಮೋನಾಚಾರಿ ಉಳಿ ಹಿಡಿದು ತಾನೇ ಮೂಲೆ ಬಿಡಿಸಿದ. ಗಿಣಿ ಕೂತಿತು. ಸೂರ್ಯ ಮುಳುಗಲು ಇನ್ನು ಬೆರಳಗಲ ಬಾಕಿ. ಗೊಗ್ಗರಾಯ ಬಂದು ಬಗ್ಗಿ, ಗಡ್ಡದ ಒಂದು ಕೂದಲನ್ನು ಬಾಲದ ಬಳಿ ತೂರಿಸಿದ. ಒಳಗೆ ಹೋಯಿತು. ಅತ್ತಿತ್ತ ಆಡಿಸಿ ಹಲ್ಲು ಕಿರಿದ.

ಗಿರಿಯಮ್ಮನಿಗೆ ಮೂರು ದಿನದ ಸಿಟ್ಟು ಒಟ್ಟಿಗೆ ಬಂತು. ಗಂಡನ ಮೇಲೆ, ಹಕ್ಕಿಯ ಮೇಲೆ, ತನ್ನ ನಾಲಿಗೆಯ ಮೇಲೆ. ಅವಳು ಅತ್ತಳು. ಬಾಗಿಲಿಂದ ನೀರು ಧಾರೆಯಾಗಿ ಇಳಿದು ಸಂದಿಗೆ ಹೋಯಿತು. ವರ್ಷವಿಡೀ ಒಣಗಿದ್ದ ಹಲಸು ಅಷ್ಟನ್ನೂ ಕುಡಿದು ಉಬ್ಬಿತು. ಗೊಗ್ಗರಾಯ ಕೂದಲೆಳೆದ. ಬರಲಿಲ್ಲ. ಆಡಿಸಿದ. ಆಡಲಿಲ್ಲ. ಸೂರ್ಯ ಮುಳುಗಿದ.

ಬಾಗಿಲಿದ್ದ ಕಡೆ ಗಿರಿಯಮ್ಮ ನಿಂತಿದ್ದಳು, ಆ ಕೂದಲು ಅವಳ ಮುಷ್ಟಿಯಲ್ಲಿ. ಇನ್ನೊಂದು ಕೈಯಿಂದ ಉಳಿದ ಗಡ್ಡವನ್ನೂ ಹಿಡಿದು ಬುಡಸಮೇತ ಕಿತ್ತಳು. ಮಂತ್ರ ಹೋದ ಗೊಗ್ಗರಾಯ ಕುಗ್ಗಿ ಕುಗ್ಗಿ ಹೆಗ್ಗಣವಾಗಿ, ಓಡಿಹೋಗಿ ತನ್ನ ಸಿಂಹಾಸನದ ಸಂದಿನೊಳಗೇ ಹೊಕ್ಕ.

ಅರಸರು ಮರಳಿ ಬಂದರು. ಆ ಸಂದು ಮುಚ್ಚಲು ಮೋನಾಚಾರಿಗೇ ಹೇಳಿಕಳಿಸಿದರು. ಈ ಸಲ ಓಲೆಗರಿ ಬರೆದವಳು ಗಿರಿಯಮ್ಮ. ಹಲಗೆ ಕೂರುವಷ್ಟು ಜಾಗ ಬಿಟ್ಟಳು, ಹೆಗ್ಗಣ ಹೊರಬರುವಷ್ಟು ಬಿಡಲಿಲ್ಲ. ಆಮೇಲೆ ರಾಜ್ಯವೆಲ್ಲ ಸುಖವಾಗಿತ್ತು, ಗಂಡಹೆಂಡಿರೂ ದಿನಾ ಜಗಳಾಡಿಕೊಂಡು ಸುಖವಾಗಿದ್ದರು.